ಚಾ ಅಂದ್ರ ಒಂದು, ಚಾಯ್ ಅಂದ್ರ ಇನ್ನೊಂದು

ಹೊಟ್ಟೆಕಿಚ್ಚು ಪಡಬಾರದೆಂದು ದಿನಾ ಬೆಳಿಗ್ಗೆ ನಿರ್ಧಾರ ಮಾಡಿಯೇ ನಾನು ಮನೆ ಬಿಡುತ್ತಿದ್ದೆ. ಆದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಏನಾದರೊಂದು ಆಗಿಯೇ ಆಗುತ್ತಿತ್ತು. ಗೋಕಾಕದ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ನಾನೂ ನನ್ನ ದೋಸ್ತನೂ ಫಿಟ್ಟರ್‌ಗಳು. ಅವನು ನಾಗನೂರಿನ ಜೈನ, ನಾನು ಘೋಡಗೇರಿಯ ಲಿಂಗಾಯತ. ಕೆಲಸ ಇಬ್ಬರದೂ ಒಂದೇ, ಸಾಹೇಬರ ಶಾಬಾಸ್ಕಿ ಮಾತ್ರ ಅವನಿಗೆ. ಅವನಿಗಿಂತ ನೀನು ಮೇಲು ಎಂದು ಯಾರಾದರೂ ಒಂದು ಸಲ ಅಂದಿದ್ದರೆ ನನಗೆ ಸಾಕಿತ್ತು.

೧. ನುಚ್ಚು

ತೊಂಬತ್ತರ ದಶಕದ ಕೊನೆಯಲ್ಲಿ ವಿಯೆಟ್ನಾಂನಲ್ಲಿ ಕಬ್ಬಿನ ಗಾಣ ಕೂಡಿಸಲು ಅವನನ್ನು ಕಳಿಸಿದರು. ತಿರುಗಿ ಬಂದ ಮೇಲೆ ಗೋಕಾಕ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನದೇ ದರಬಾರು. ಅಲ್ಲಿ ಮಧ್ಯಾಹ್ನ ಅನ್ನದಂಗಡಿಯಲ್ಲೇ ಊಟವಂತೆ, ಅನ್ನಕ್ಕೆ ‘ಕಮ್’ ಅನ್ನುತ್ತಾರಂತೆ, ಅದೂ ಮುರಿದ ಅಕ್ಕಿಯದಂತೆ, ರುಚಿಯೇ ಬೇರೆಯಂತೆ. ಹೆಸರೇ ಕಮ್ ಅಂದಮೇಲೆ ಹೊಟ್ಟೆಗೂ ಕಮ್ಮಿಯೇ ಬಿದ್ದಿರಬೇಕು ಎಂದೆ. ಯಾರೂ ನಗಲಿಲ್ಲ.

ಮನೆಗೆ ಬಂದರೆ ತಾಟಿನಲ್ಲಿ ಅಕ್ಕಿ ನುಚ್ಚು. ಅವನ ನಸೀಬು ನೋಡು, ನನ್ನದು ನೋಡು ಎಂದು ಹೆಂಡತಿಗೆ ಅವನ ಕಥೆಯನ್ನೆಲ್ಲ ಹೇಳಿದೆ.

“ಮುರದ ಅಕ್ಕಿ ಅಂದ್ರ ನುಚ್ಚ ಅಲ್ಲೇನ್ರಿ? ಲಗ್ನ ಆದಾಗಿಂದ ನಿಮಗ ವಿಯೆಟ್ನಾಂ ಊಟಾನ ಹಾಕಾಕತ್ತೇನಿ. ಒಂದ ದಿನಾ ಚೊಲೋ ಐತಿ ಅಂದೀರೇನು?” ಎಂದಳು.

೨. ಉಪದೇಶ

ಮರುವರ್ಷ ನನ್ನನ್ನೂ ಅವನ ಜೊತೆ ಕಳಿಸಿದರು. ವಿಮಾನದಲ್ಲಿ ಕಿಟಕಿ ಬಾಜೂ ಸೀಟು ಅವನಿಗೇ ಸಿಕ್ಕಿತು, ಅದಿರಲಿ. ಇಳಿದ ಕೂಡಲೇ ನನಗೆ ಪಾಠ ಶುರುಮಾಡಿದ: “ಅನ್ನದಂಗಡ್ಯಾಗ ಹೋದಕೂಡ್ಲೆ ಚಾಯ್ ಅನ್ನು. ಉಳದದ್ದ ಅವರ ನೋಡ್ಕೋತಾರ.”

ನನಗೆ ಮೈ ಉರಿಯಿತು. ಹುಟ್ಟಿದಾಗಿನಿಂದ ನಾಗನೂರಿನಲ್ಲಿ ಚಾ ಕುಡಿದವನಿಗೆ ವಿಮಾನ ಹತ್ತಿದ ಮೇಲೆ ಅದು ಚಾಯ್ ಆಯಿತೇ? ಯಾಕೆ ಎಂದು ಕೇಳಿದರೆ ಅವನು ಇನ್ನಷ್ಟು ದೊಡ್ಡವನಾಗುತ್ತಾನೆಂದು ಕೇಳಲೇ ಇಲ್ಲ.

೩. ವಡಿ

ತಗಡಿನ ಚಪ್ಪರದ ಅಂಗಡಿ, ಕೂತರೆ ಮೊಣಕಾಲು ಗದ್ದಕ್ಕೆ ತಾಗುವಂಥ ಪ್ಲಾಸ್ಟಿಕ್ ಸ್ಟೂಲು. ಅವನು ಚಾಯ್ ಎಂದ. ನಾನು ಗತ್ತಿನಿಂದ ಚಾ ಎಂದೆ. ಚಹಾ ಇಬ್ಬರಿಗೂ ಬರಲಿಲ್ಲ, ಅನ್ನ ಬಂತು. ಅವನ ನುಚ್ಚಿನ ಮೇಲೆ ಬೇಯಿಸಿದ ಸೊಪ್ಪು, ಸಪ್ಪನೆಯ ಬಿಳಿ ಸೋಯಾ ತುಂಡು. ನನ್ನದರ ಮೇಲೆ ಹಳದಿ ಬಣ್ಣದ ದಪ್ಪ ದಪ್ಪ ತುಂಡುಗಳು, ಥೇಟ್ ನಮ್ಮ ಕಡಲೆಹಿಟ್ಟಿನ ಝುಣಕದ ವಡಿ.

ಬಾಯಿಗಿಟ್ಟರೆ ಭಾರೀ ರುಚಿ. ಅವನು ತನ್ನ ತಾಟು ಬಿಟ್ಟು ನನ್ನದನ್ನೇ ನೋಡತೊಡಗಿದ. “ಒಂದ ತುಂಡ ಕೊಡೋ,” ಎಂದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ತಾಟನ್ನು ಆ ಕಡೆ ತಿರುಗಿಸಿಕೊಂಡು ಒಂದು ಚೂರೂ ಬಿಡದೆ ನಾನೊಬ್ಬನೇ ತಿಂದೆ.

ಆಮೇಲೆ ಬಂದ ನಮ್ಮ ದುಭಾಷಿ ನಾವು ತಿಂದದ್ದೇನೆಂದು ಅಂಗಡಿಯವರನ್ನು ಕೇಳಿ, ನನ್ನ ಖಾಲಿ ತಾಟು ನೋಡಿ ಗಾಬರಿಯಾದ. ಅವರ ಭಾಷೆಯಲ್ಲಿ ಚಾಯ್ ಅಂದರೆ ಸಸ್ಯಾಹಾರ, ಚಾ ಅಂದರೆ ಹಂದಿಮಾಂಸ ಕುಟ್ಟಿ, ಮೊಟ್ಟೆ ಹಾಕಿ ಬೇಯಿಸಿದ್ದು. ನನ್ನ ಹೊಟ್ಟೆಕಿಚ್ಚು ದೋಸ್ತನ ಧರ್ಮ ಉಳಿಸಿತ್ತು. ನನ್ನದನ್ನು ಉಳಿಸಲು ಮತ್ಸರದವರು ಯಾರೂ ಇರಲಿಲ್ಲ.

೪. ನಾಗನೂರಿನ ಊಟ

ಊರಿಗೆ ಬಂದ ಮೇಲೆ ನಾನು ತಿಂದ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಿದನಲ್ಲ ಎಂದು ಅದಕ್ಕೂ ಉರಿದುಕೊಂಡೆ. ತನ್ನ ತಾಯಿಯ ಮುಂದೆ ಮಾತ್ರ, ತಿನ್ನಬಾರದ್ದು ತಿನ್ನುವವನಿದ್ದೆ, ಇವನು ತಿನ್ನಗೊಡಲಿಲ್ಲ ಎಂದಿದ್ದನಂತೆ. ಆ ತಾಯಿ ನನ್ನನ್ನು ಊಟಕ್ಕೆ ಕರೆಸಿ, ಪುಣ್ಯಾತ್ಮ ಎಂದು ಹರಸಿ, ಪ್ರೀತಿಯಿಂದ ಬಡಿಸಿದರು. ಏನನ್ನು? ಝುಣಕದ ವಡಿ. ಅದೇ ಹಳದಿ, ಅದೇ ದಪ್ಪ.

ನನ್ನ ಕೈ ಮುಂದೆ ಹೋಗಲೊಲ್ಲದು. ದೋಸ್ತ ಬಗ್ಗಿ ಮೆಲ್ಲಗೆ ಕೇಳಿದ: “ಇವತ್ತರ ಒಂದ ತುಂಡ ಕೊಡ್ತಿಯೋ ಇಲ್ಲೋ?”

ಇದ್ದಷ್ಟೂ ವಡಿಯನ್ನು ಎತ್ತಿ ಅವನ ತಾಟಿಗೆ ಹಾಕಿದೆ. ತಾಯಿಯ ಕಣ್ಣು ತುಂಬಿ ಬಂತು. ಮಗನ ಕಡೆ ತಿರುಗಿ ಅಂದರು: “ನೋಡ, ತನಗ ಬಡಿಸಿದ್ದನ್ನ ನಿನಗ ಹಾಕ್ತಾನ. ಇಂವನಷ್ಟ ದೊಡ್ಡ ಮನಸ್ಸ ನಿನಗ ಯಾವಾಗ ಬರತೈತಿ?”