ಬಾಯಿತುಂಬ ನೀರು ಹಿಡಿದು ಪ್ಯಾಕೇಜ್ ಕಟ್ಟಿದ್ದು

ಆ ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು: ನಲ್ಲಿಗೆ ನೀರು ಬಂದ ಸದ್ದಿಗೆ ಎದ್ದು ಕೊಡ, ಬಕೀಟು, ಹಂಡೆ ಎಲ್ಲ ತುಂಬಿಸಿದೆ. ಹಾಲು ತಂದೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ನೀಲಿ ಅಂಗಿಗೆ ಗುಂಡಿ ಹಚ್ಚಿದೆ. ಹಿತ್ತಲ ಬಾಗಿಲು ಕಿರುಗುಟ್ಟುತ್ತಿತ್ತು, ಅದಕ್ಕೆ ಎಣ್ಣೆ ಬಿಟ್ಟೆ. ಕರಿಬೇವಿನ ಗಿಡಕ್ಕೆ ನೀರು ಹಾಕುವುದೊಂದು ಉಳಿಯಿತು. ಅದನ್ನು ಆಮೇಲೆ ನೋಡಿದರಾಯಿತು ಎಂದು ಬಿಟ್ಟೆ, ಏಕೆಂದರೆ ಮನಗೂಳಿಯಿಂದ ಇಬ್ಬರು ಬರುವವರಿದ್ದರು. ಅವರ ಕೆಲಸಕ್ಕೆ ನಾನು ತೆಗೆದಿಟ್ಟ ಸಮಯ ಅರ್ಧ ತಾಸು.

“ಅರ್ಧ ತಾಸು ಅಂದ್ರ ನಿಮ್ಮ ಅರ್ಧ ತಾಸೋ, ಗಡಿಯಾರದ್ದೋ?” ಎಂದು ಹೆಂಡತಿ ಮಹಾದೇವಿ ಕೇಳಿದಳು.

“ಗಡಿಯಾರದ್ದ.”

ಅವಳು ನಾಲ್ಕು ಮಂದಿಯ ಮಧ್ಯಾಹ್ನದ ಊಟಕ್ಕೆ ಬೇಳೆ ನೆನೆಯಿಟ್ಟಳು.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಕಣ್ಣು ಕಾಣದ ಹುಡುಗರು ಗೆಳೆಯರ ಜೊತೆ ಬಂದು, ಕಪಾಟಿನ ಪುಸ್ತಕಗಳ ಬೆನ್ನು ಸವರಿ ಹೋಗುವುದನ್ನು ನೋಡಿ ನೋಡಿ, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಮಾಡಲು ಕೆಲವು ವರ್ಷಗಳ ಹಿಂದೆ ಕೈಹಾಕಿದೆ. ಬಿಡುವಿನಲ್ಲಿ ಕಲಿತ ವಿದ್ಯೆ. ಅದು ಓಪನ್ ಸೋರ್ಸ್. ಎಂದರೆ ಒಳಗಿನ ಕೋಡ್ ಬಚ್ಚಿಟ್ಟದ್ದಲ್ಲ, ಯಾರು ಬೇಕಾದರೂ ಇಳಿಸಿಕೊಂಡು, ತಿದ್ದಿ, ತಮ್ಮ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಕಟ್ಟಿಕೊಳ್ಳಬಹುದು. ಕೋಡ್ ಜೋಳವಿದ್ದ ಹಾಗೆ, ಪ್ಯಾಕೇಜ್ ರೊಟ್ಟಿ. ಉಣ್ಣುವವರಿಗೆ ರೊಟ್ಟಿ ಸಾಕು. ಆದರೆ ರುಚಿ ತಿದ್ದಬೇಕೆನ್ನುವವರು ಜೋಳದಿಂದಲೇ ಶುರುಮಾಡಬೇಕು.

ಅದಕ್ಕೆ ದನಿ ಕೊಟ್ಟವಳು ಮಹಾದೇವಿ. ಒಂದು ಬೇಸಿಗೆಯೆಲ್ಲ ಕೋಣೆಯ ಬಾಗಿಲು ಹಾಕಿ, ಸದ್ದಾಗದಿರಲೆಂದು ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ ನೂರಾರು ವಾಕ್ಯ ಓದಿದಳು. ನಾನು ಧ್ವನಿಮುದ್ರಿಸಿಕೊಂಡೆ. ಅದನ್ನೆಲ್ಲ ಹೊಲಿದು ದನಿ ಮಾಡಿದೆ. ಎಲ್ಲ ಚೆನ್ನಾಗಿಯೇ ಆಯಿತು, ಒಂದು ದೋಷ ಬಿಟ್ಟು. ಅದು ಪ್ರತಿ ವಾಕ್ಯದ ಕೊನೆಯ ಪದವನ್ನು ನುಂಗುತ್ತಿತ್ತು. ಮನೆಯಲ್ಲಿ ಕೊನೆಯ ಮಾತನ್ನು ಈವರೆಗೆ ಯಾರಿಗೂ ಬಿಟ್ಟುಕೊಡದವಳ ದನಿ, ಕಂಪ್ಯೂಟರಿನಲ್ಲಿ ಕೊನೆಯ ಮಾತನ್ನೇ ಆಡುತ್ತಿರಲಿಲ್ಲ. ದೋಷ ಎಲ್ಲಿದೆ ಎಂದು ಹುಡುಕಿ ಸೋತಿದ್ದೆ. ಸಹಾಯಕ್ಕೆ ಬಂದ ಹೊಸಬರು ಕೆಲವರಿದ್ದರು. ನಾನು ಬರೆದ ಸೂಚನೆಯ ಪುಟ ಹಿಡಿದು ಪ್ಯಾಕೇಜ್ ಕಟ್ಟಲು ಕೂತು, “ಆಗವಲ್ದು ಸರ್” ಎಂದು ಒಂದು ಸಾಲು ಬರೆದು, ಮತ್ತೆ ಕಾಣಿಸುತ್ತಿರಲಿಲ್ಲ. ಈಗಿನವರಿಗೆ ತಾಳ್ಮೆ ಕಡಿಮೆ ಎಂದುಕೊಂಡಿದ್ದೆ.

ಹೀಗಿರುವಾಗ ಮನಗೂಳಿಯ ರಜಿಯಾ ಟೀಚರ್ ಬರೆದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಅವರ ಅಣ್ಣ ಖಾಸೀಮ್ ಸಾಹೇಬರದು ಬಟ್ಟೆ ಅಂಗಡಿ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋದ ಮೇಲೂ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೂಲು ಎಷ್ಟು ನಯವೆಂಬ ನಂಬರು ಹೇಳುತ್ತಾರಂತೆ. ತಮಗೆ ಬಂದ ಪತ್ರ, ಸಂದೇಶ ಎಲ್ಲವನ್ನೂ ನನ್ನ ಸಾಫ್ಟ್‌ವೇರಿನಲ್ಲಿ ಕೇಳುತ್ತಾರೆ, ಕೊನೆಯ ಪದಕ್ಕೆ ಮಾತ್ರ ತಂಗಿಯನ್ನು ಕರೆಯಬೇಕು. “ಆ ದೋಷ ನಾನೇ ಹುಡುಕ್ತೇನಿ, ಕಟ್ಟೋದೊಂದು ಕಲಿಸ್ರಿ” ಎಂದು ಟೀಚರ್ ಕೇಳಿದ್ದರು.

ಅಣ್ಣ ತಂಗಿ ಅಂಗಡಿಯ ಲ್ಯಾಪ್‌ಟಾಪು, ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ಬಂದರು. ಮಹಾದೇವಿ ಬಾಗಿಲಲ್ಲಿ “ಬರ್ರಿ, ಒಳಗ ಬರ್ರಿ” ಎಂದಳು. ಖಾಸೀಮ್ ಸಾಹೇಬರು ಹೊಸ್ತಿಲಲ್ಲೇ ನಿಂತುಬಿಟ್ಟರು.

“ಅಕ್ಕಾರ, ನಿಮ್ಮ ದನಿ ದಿನಾ ಕೇಳ್ತೇನ್ರಿ. ಪೂರಾ ಮಾತು ಇವತ್ತ ಮೊದಲನೇ ಸಲ ಕೇಳಿದೆ.”

ಮಹಾದೇವಿ ಸೆರಗು ಸರಿಮಾಡಿಕೊಂಡಳು. “ನಮ್ಮನಿಯವರನ್ನ ಕೇಳ್ರಿ, ಪೂರಾಕ್ಕಿಂತ ಹೆಚ್ಚ ಮಾತಾಡ್ತೇನಿ.”

ಕೂತ ಮೇಲೆ ವಿಷಯ ಗೊತ್ತಾಯಿತು. ಅವತ್ತು ನಸುಕಿನಲ್ಲೇ ಇಂಡಿ ಪಟ್ಟಣದಿಂದ ಖಾಸೀಮ್ ಸಾಹೇಬರ ಮಗಳ ಸಂದೇಶ ಬಂದಿದೆ. ಗಂಡನ ಮನೆಗೆ ಹೋದ ಮೇಲೆ ಎರಡು ಹಬ್ಬಕ್ಕೂ ಅವಳು ತವರಿಗೆ ಬಂದಿಲ್ಲ. ಈಗ ಮೂರನೆಯದು. ಲ್ಯಾಪ್‌ಟಾಪು ಓದಿದ್ದು ಇಷ್ಟು: “ಅಬ್ಬಾ, ಈ ಸಲ ಹಬ್ಬಕ್ಕ ನಾವು ಮನಗೂಳಿಗೆ...”

“ಮುಂದ?” ಎಂದೆ.

“ಮುಂದ ನಿಮ್ಮ ಮಶೀನು ನುಂಗೇತಿ,” ಎಂದರು ಅವರು.

“ನಾ ಓದ್ತೇನಿ ಅಂದ್ರ ಭಾಯಿ ಬ್ಯಾಡ ಅಂತಾನ್ರಿ,” ಎಂದರು ರಜಿಯಾ ಟೀಚರ್.

“ಹೆಂಗೂ ಸರ್ ಕಡೆ ಬಂದೇವಿ. ಮಗಳ ಮಾತು ಒಂದ ಸಲನಾದ್ರೂ ನಾನ ಮೊದಲ ಕೇಳ್ತೇನಿ, ತಡಿ,” ಎಂದರು ಅಣ್ಣ.

“ಅರ್ಧ ತಾಸು ಸಾಕು ಸಾಹೇಬ್ರ,” ಎಂದು ನಾನು ಅಂಗಿಯ ತೋಳು ಮಡಿಸಿದೆ. ಅಡುಗೆಮನೆಯಲ್ಲಿ ಮಹಾದೇವಿ ರೊಟ್ಟಿಯ ಹಿಟ್ಟು ನಾದಲು ಕೂತಳು.

ನನ್ನ ಸೂಚನೆಯ ಪುಟ ಚಿಕ್ಕದು. ಅದರ ಕೊನೆಯ ಸಾಲು “ಅಷ್ಟೇ” ಎಂದಿತ್ತು. ಆ ಸಾಲಿನ ಬಗ್ಗೆ ನನಗೆ ವಿಶೇಷ ಅಭಿಮಾನ. ಟೀಚರ್ ಮೊದಲನೆಯ ಸಾಲನ್ನು ಹಾಗೆಯೇ ಟೈಪ್ ಮಾಡಿದರು. ಪರದೆ ತುಂಬ ಕೆಂಪು ಅಕ್ಷರ.

“ಓ, ಅದರಕಿಂತ ಮೊದಲ ಇನ್ನೊಂದು ಹಾಕ್ಕೋಬೇಕ್ರಿ,” ಎಂದೆ.

“ಪುಟದಾಗ ಇಲ್ಲಲ್ರಿ ಸರ್?”

“ಅದು ಎಲ್ಲಾರಿಗೂ ಗೊತ್ತಿರತೈತಿ.”

“ನನಗ ಗೊತ್ತಿಲ್ಲಲ್ರಿ.”

ಅದನ್ನು ಹಾಕಿದೆವು. ಮತ್ತೆ ಕೆಂಪು. ಈ ಸಲ ಕಂಪ್ಯೂಟರು ಏನೋ ಒಂದು ಫೋಲ್ಡರ್ ಸಿಗುತ್ತಿಲ್ಲ ಎನ್ನುತ್ತಿತ್ತು. ನೋಡಿದರೆ ಅದು ನನ್ನ ಹೆಸರಿನ ಫೋಲ್ಡರು! ನಾನು ಬರೆದ ಕೋಡ್ ಮನಗೂಳಿಯ ಬಟ್ಟೆ ಅಂಗಡಿಯ ಲ್ಯಾಪ್‌ಟಾಪಿನೊಳಗೆ ಹೊಕ್ಕು, ಸಿಂದಗಿಯ ಗ್ರಂಥಪಾಲಕನ ಕೋಣೆ ಎಲ್ಲಿ ಎಂದು ಕೇಳುತ್ತಿತ್ತು.

“ಸ್ವಲ್ಪ ಕೊಡ್ರಿ ಇಲ್ಲೆ,” ಎಂದು ಲ್ಯಾಪ್‌ಟಾಪನ್ನು ನನ್ನ ತೊಡೆಗೆ ಎಳೆದುಕೊಂಡೆ. ಇಲ್ಲೊಂದು ಒತ್ತಿದೆ, ಅಲ್ಲೊಂದು ಅಳಿಸಿದೆ. ನನ್ನ ಬೆರಳುಗಳು ಓಡುತ್ತಿದ್ದವು. ಟೀಚರ್ ಕತ್ತು ಚಾಚಿ ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಅರ್ಧ ತಾಸು ಯಾವಾಗ ಹೋಯಿತೋ ತಿಳಿಯಲಿಲ್ಲ. ಕಟ್ಟುವುದು ಮಾತ್ರ ಆಗಲಿಲ್ಲ.

“ನಿಮ್ಮ ಲ್ಯಾಪ್‌ಟಾಪು ಹಳೇದಾಗೇತಿ,” ಎಂದು ತೀರ್ಪು ಕೊಟ್ಟೆ.

“ಹಳೇದಾದ್ರೂ ಬಿಲ್ಲು ಬರೋಬ್ಬರಿ ತಗೀತೈತ್ರಿ,” ಎಂದರು ಖಾಸೀಮ್ ಸಾಹೇಬರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಸೂಚನೆಯಲ್ಲಿ ತಪ್ಪಿಲ್ಲ ಎಂದು ಸಾಬೀತುಮಾಡುವ ಹುರುಪು ಹತ್ತಿತು. “ನನ್ನ ಕಂಪ್ಯೂಟರಿನ್ಯಾಗ ತೋರಸ್ತೇನಿ. ಎಲ್ಲಾ ಅಳಿಸಿ, ಹೊಸಬರಂಗ ಶುರುಮಾಡ್ತೇನಿ, ನೋಡ್ರಿ,” ಎಂದು ಘೋಷಿಸಿ, ಅವರ ಕಣ್ಣೆದುರೇ ನನ್ನ ಕೆಲಸದ ಫೋಲ್ಡರನ್ನು ಬುಡಸಹಿತ ಅಳಿಸಿದೆ. ನನ್ನ ಪುಟವನ್ನು ಹಿಡಿದುಕೊಂಡೆ. ಒಂದೊಂದೇ ಸಾಲು ಟೈಪ್ ಮಾಡಿದೆ.

ಕೆಂಪು.

ಒಂದು ಫೈಲು ಇಲ್ಲವಂತೆ. ಹೆಸರು ‘ಕತ್ತರಿ’. ಎಲ್ಲರೂ ಇಳಿಸಿಕೊಳ್ಳುವ ಜಾಗದಲ್ಲಿ ಅದನ್ನು ನಾನು ಎಂದೂ ಇಟ್ಟಿರಲೇ ಇಲ್ಲ. ಅದು ಇದ್ದದ್ದು ಈಗಷ್ಟೇ ಅಳಿಸಿದ ಫೋಲ್ಡರಿನಲ್ಲಿ, ಅದೊಂದರಲ್ಲಿ ಮಾತ್ರ. ಬೆಳಿಗ್ಗೆ ಈ ಪ್ಯಾಕೇಜನ್ನು ಕಟ್ಟಬಲ್ಲವನು ಭೂಮಿಯ ಮೇಲೆ ಒಬ್ಬನಿದ್ದ. ಈಗ ಅವನೂ ಇಲ್ಲ!

ಮಹಾದೇವಿ ಕೈ ಒರೆಸಿಕೊಳ್ಳುತ್ತ ಬಂದಳು. “ಊಟಕ್ಕ ಏಳ್ರಿ. ಗಡಿಯಾರದ ಅರ್ಧ ತಾಸು ಮುಗದು ಭಾಳ ಹೊತ್ತಾತು.”

ಊಟದ ಹೊತ್ತಿಗೆ ರಜಿಯಾ ಟೀಚರ್ ತಾಟು ನೋಡುತ್ತ ಮೆಲ್ಲಗೆ ಹೇಳಿದರು: “ಸರ್, ನನ್ನ ಕೈಲಿ ಇದು ಆಗಂಗಿಲ್ಲ ಅನಸ್ತೈತಿ. ನೀವ ಹೊತ್ತು ಸಿಕ್ಕಾಗ ನೋಡ್ರಿ. ಭಾಯಿ, ಆ ಸಂದೇಶ ನಾ ಓದಿಬಿಡ್ತೇನಿ, ತಗೋ.” ಖಾಸೀಮ್ ಸಾಹೇಬರ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. “ಆಗವಲ್ದು ಸರ್” ಎಂಬ ಸಾಲನ್ನು ಅವರವರ ಊರಿನಿಂದ ಬರೆದವರು ಎಂಥ ಸೋತ ಮುಖದಿಂದ ಬರೆದಿದ್ದರು ಎಂದು ನನಗೆ ಅವತ್ತು ಕಂಡಿತು.

ಆಗ ಮಹಾದೇವಿ ಪುಂಡಿಪಲ್ಯ ಬಡಿಸುತ್ತ ಹೇಳಿದಳು. “ಮುದ್ದೇಬಿಹಾಳದಾಗ ನಮ್ಮ ಆಯಿ, ನಮ್ಮವ್ವನ ಅವ್ವ, ಇದ್ದಳು. ನಮಗ ರೊಟ್ಟಿ ಬಡಿಯೂದು ಕಲಸುವಾಗ ಒಂದ ಸಲ ಎಲ್ಲಾ ಹೇಳಿ, ಆಮ್ಯಾಲ ಬಾಯಿತುಂಬ ನೀರು ಹಿಡಕೊಂಡು ಕೂಡ್ತಿದ್ದಳು.”

“ಯಾಕ್ರಿ?” ಎಂದರು ಟೀಚರ್.

“ನಡುವ ಬಾಯಿ ಹಾಕಬಾರ್ದಂತ. ಏನರ ಹೇಳಬೇಕಂದ್ರ ಎದ್ದು ಹಿತ್ತಲಕ್ಕ ಹೋಗಿ ಉಗುಳಿ ಬರಬೇಕು. ಎದ್ದಷ್ಟ ಸಲ ತಾನ ಹೇಳೂದು ಬಿಟ್ಟೇನಿ ಅಂತ ಆಯಿ ಲೆಕ್ಕ ಹಿಡೀತಿದ್ದಳು, ನಮಗೇನೂ ಅಂತಿದ್ದಿಲ್ಲ.” ನನ್ನ ಕಡೆ ತಿರುಗಿ, “ಚರಗಿ ತುಂಬ ನೀರು ತರಲೇನ್ರಿ?” ಎಂದಳು.

ಹೀಗೆ, ಐವತ್ತು ದಾಟಿದ ಒಬ್ಬ ಗ್ರಂಥಪಾಲಕ ಭಾನುವಾರದ ಮಧ್ಯಾಹ್ನ ತನ್ನದೇ ಮನೆಯ ಪಡಸಾಲೆಯಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೂತ. ಕರಾರು ಇಷ್ಟು: ಲ್ಯಾಪ್‌ಟಾಪನ್ನು ನಾನು ಮುಟ್ಟಬಾರದು. ಹೇಳಲೇಬೇಕಾದದ್ದು ಇದ್ದರೆ ಉಗುಳಿ ಬಂದು ಮೊದಲು ಸೂಚನೆಯ ಪುಟದಲ್ಲಿ ಬರೆಯಬೇಕು. ಟೀಚರ್ ಪುಟವನ್ನು ಓದಿಕೊಂಡು ಮಾಡುತ್ತಾರೆ, ನನ್ನ ಮುಖ ನೋಡಿಕೊಂಡು ಅಲ್ಲ.

ಮೊದಲ ಸಾಲಿಗೇ ಎದ್ದೆ. ಹಿತ್ತಲ ಕರಿಬೇವಿನ ಬುಡಕ್ಕೆ ಉಗುಳಿದೆ. ಬಂದು ಬರೆದೆ: ಇದಕ್ಕಿಂತ ಮೊದಲು ಹಾಕಿಕೊಳ್ಳಬೇಕಾದ್ದು ಇಂಥದ್ದು. ಮತ್ತೆ ನೀರು ತುಂಬಿಕೊಂಡೆ, ಮತ್ತೆ ಎದ್ದೆ: ನನ್ನ ಹೆಸರಿನ ಫೋಲ್ಡರಿನ ಜಾಗದಲ್ಲಿ ನಿಮ್ಮದನ್ನು ಬರೆಯಿರಿ. ಮತ್ತೆ ಎದ್ದೆ: ಮೊದಲ ಸಲ ಓಡಿಸಿದಾಗ ಸೋಲುತ್ತದೆ, ಎರಡನೆಯ ಸಲ ಓಡಿಸಿ. ಇದನ್ನು ಬರೆದು ನಾನೇ ಬೆರಗಾದೆ. ವರ್ಷಗಳಿಂದ ಪ್ರತಿ ಸಲ ಎರಡೆರಡು ಸಾರಿ ಒತ್ತುತ್ತಿದ್ದೇನೆ ಎಂಬುದು ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಮ್ಮ ಬಚ್ಚಲ ಬಾಗಿಲೂ ಹಾಗೆಯೇ. ಮೊಣಕಾಲಿನಿಂದ ಸ್ವಲ್ಪ ಎತ್ತಿ ದೂಡಬೇಕು. ಬಂದ ಬೀಗರೆಲ್ಲ ಹೊರಗೆ ನಿಂತು ಒಳಗೆ ಯಾರೋ ಇದ್ದಾರೆ ಎಂದುಕೊಳ್ಳುತ್ತಾರೆ.

ಖಾಸೀಮ್ ಸಾಹೇಬರು ಗೋಡೆಗೆ ಒರಗಿ ಹಿತ್ತಲ ಸದ್ದನ್ನು ಕೇಳುತ್ತಿದ್ದರು. ನಾನು ಉಗುಳಿದಾಗೊಮ್ಮೆ, “ಹಾಂ, ಪುಟಾ ಬೆಳೀತು,” ಎನ್ನುತ್ತಿದ್ದರು.

ಟೀಚರ್ ಈಗ ಒಂದು ಹಂತವನ್ನು ತಾವೇ ದಾಟಿದರು. ಇನ್ನೊಂದನ್ನೂ ದಾಟಿದರು. ನಾನು ಎದ್ದರೆ, “ಕೂಡ್ರಿ ಸರ್, ತಿಳೀತು,” ಎಂದು ಕೈ ತೋರಿಸಿದರು. ಆಮೇಲೆ ‘ಕತ್ತರಿ’ ಬಂತು.

“ಇದು ಏನು ಕತ್ತರಸ್ತೈತ್ರಿ?”

ನಾನು ಏಳಲಿಲ್ಲ. ನನಗೆ ನೆನಪಾಗುತ್ತಿರಲಿಲ್ಲ. ಯೋಚಿಸುತ್ತ ಯೋಚಿಸುತ್ತ ಬಾಯಲ್ಲಿದ್ದದ್ದು ಗುಟುಕ್ಕೆಂದು ಒಳಗೆ ಹೋಯಿತು.

“ಸರ್ ನುಂಗಿದ್ರು,” ಎಂದರು ಖಾಸೀಮ್ ಸಾಹೇಬರು. “ಅವ್ರಿಗೂ ಗೊತ್ತಿಲ್ಲ ಅಂದಂಗಾತು.”

ಗೊತ್ತಿಲ್ಲ ಎಂದೇ ಪುಟದಲ್ಲಿ ಬರೆದೆ. ಟೀಚರ್ ಬೇಸರ ಮಾಡಿಕೊಳ್ಳಲಿಲ್ಲ. “ಹಂಗಾದ್ರ ಮುದ್ರಿಸಿದ್ದು ಹೆಂಗೈತಿ, ಅದನ್ನ ಕೇಳೂಣ್ರಿ,” ಎಂದರು. ಪುಣ್ಯಕ್ಕೆ ಆ ಬೇಸಿಗೆಯ ಮೂಲ ಧ್ವನಿಮುದ್ರಣ ಎಲ್ಲರಿಗೂ ಸಿಗುವ ಜಾಗದಲ್ಲಿತ್ತು. ಒಂದನ್ನು ಹಚ್ಚಿದರು. ಮಹಾದೇವಿಯ ದನಿ: “ಹೊಲದಲ್ಲಿ ಜೋಳ ತೆನೆ ಬಿಟ್ಟಿದೆ.” ಅದರ ಬೆನ್ನಿಗೇ ಅದೇ ದನಿ, ಬೆವರಿನಲ್ಲಿ ಅದ್ದಿ ತೆಗೆದ ಹಾಗೆ: “ಆತಿಲ್ರಿ?”

ಎಲ್ಲ ನೆನಪಾಯಿತು. ಫ್ಯಾನಿಲ್ಲದ ಕೋಣೆಯಲ್ಲಿ ವಾಕ್ಯ ಓದಿ ಮುಗಿಸಿ ಅವಳು “ಆತಿಲ್ರಿ?” ಎಂದು, ಮುಗಿಯಿತಲ್ಲವೇ ಎಂದು ಕೇಳುತ್ತಿದ್ದಳು. ಆ ಬಾಲವನ್ನು ತೆಗೆಯಲು ನಾನು ಕತ್ತರಿ ಮಾಡಿದ್ದೆ. ಅವಳು ಕೆಲವು ಸಲವಷ್ಟೇ ಕೇಳಿದ್ದಳು. ನಾನು ಎಲ್ಲ ಸಲ ಕತ್ತರಿಸಿದ್ದೆ. ಬಾಲ ಇಲ್ಲದ ಕಡೆ ಕೊನೆಯ ಪದವೇ ಹೋಗಿತ್ತು. ದೋಷ ಇದ್ದದ್ದು ನಾನು ಬರೆಯದೆ ಬಿಟ್ಟ ಆ ಒಂದು ಹಂತದಲ್ಲಿ. ನಾನು ಯಾರಿಗೂ ತೋರಿಸಿರಲಿಲ್ಲ, ಹಾಗಾಗಿ ಯಾರೂ ನೋಡಿರಲಿಲ್ಲ.

“ನನ್ನ ಬಾಯಿ ಮುಚ್ಚಸಾಕ ಹೋಗಿ ಊರ ಮಂದಿಗೆಲ್ಲಾ ಅರ್ಧಾ ಮಾತು ಕೇಳಿಸೀರಿ,” ಎಂದಳು ಮಹಾದೇವಿ.

ರಜಿಯಾ ಟೀಚರ್ ಕತ್ತರಿ ಬೇಡವೆಂದು ಆ ಸಾಲನ್ನೇ ತೆಗೆದರು. ಓಡಿಸಿದರು, ಸೋತಿತು. ಪುಟ ನೋಡಿ ಎರಡನೆಯ ಸಲ ಓಡಿಸಿದರು. ಪ್ಯಾಕೇಜ್ ಕಟ್ಟಿತು. ಅವರ ಕೈಯಲ್ಲಿ, ಅಂಗಡಿಯ ಹಳೆಯ ಲ್ಯಾಪ್‌ಟಾಪಿನಲ್ಲಿ.

“ಭಾಯಿ, ನೀನ ಒತ್ತು,” ಎಂದು ಅಣ್ಣನ ಬೆರಳನ್ನು ಗುಂಡಿಯ ಮೇಲೆ ಇಟ್ಟರು.

ಮಹಾದೇವಿಯ ದನಿ ಓದಿತು: “ಅಬ್ಬಾ, ಈ ಸಲ ಹಬ್ಬಕ್ಕ ನಾವು ಮನಗೂಳಿಗೆ ಬರ್ತೇವಿ.” ಒಂದು ಗಳಿಗೆ ತಡೆದು, “ಆತಿಲ್ರಿ?”

“ಆತ್ರಿ ಅಕ್ಕಾರ,” ಎಂದರು ಖಾಸೀಮ್ ಸಾಹೇಬರು, ಲ್ಯಾಪ್‌ಟಾಪಿಗೆ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆಯೂ “ಆತ್ರಿ” ಎಂದರು.

“ಆ ಬಾಲಾ ನಾ ತಗೀತೇನ್ರಿ, ಬ್ಯಾರೆ ದಾರಿ ಐತಿ,” ಎಂದರು ಟೀಚರ್.

“ಬ್ಯಾಡ. ಇದ್ದದ್ದ ಇರಲಿ. ಮಾತು ಮುಗೀತು ಅಂತ ಗೊತ್ತಾಗ್ತೈತಿ,” ಎಂದರು ಅಣ್ಣ.

“ಮಂದಿ ಮನ್ಯಾಗೆಲ್ಲಾ ನಾ ಹಂಗ ಕೇಳ್ಕೊಂತ ಕೂಡ್ಲೇನು?” ಎಂದು ಮಹಾದೇವಿ ನಾಚಿದಳು. ಕೊನೆಗೆ, ಬೇಕಾದವರಿಗೆ ಬಾಲ, ಬೇಡದವರಿಗೆ ಬರೀ ಮಾತು, ಹೀಗೆ ಎರಡೂ ಇಡುವುದೆಂದು ಟೀಚರ್ ತೀರ್ಮಾನಿಸಿದರು. ನನ್ನನ್ನು ಕೇಳಲಿಲ್ಲ. ಪುಟದ ಕೊನೆಯ ಸಾಲು “ಅಷ್ಟೇ” ಎಂಬುದನ್ನು ಅಳಿಸಿ, ಅಲ್ಲಿ “ತಿಳಿಯದಿದ್ದರೆ ಕೇಳಿ, ತಪ್ಪು ನಮ್ಮದಿರಬಹುದು” ಎಂದು ಬರೆದವರೂ ಅವರೇ. ಅದಕ್ಕೂ ನನ್ನನ್ನು ಕೇಳಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದು, ಮಧ್ಯಾಹ್ನ ಉಳಿದ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ಉಂಡೆವು. ಡಬ್ಬಿಯ ಹೋಳಿಗೆಯಲ್ಲಿ ನನ್ನ ಪಾಲಿಗೆ ಒಂದೂವರೆ ಬಂತು. ಕರಿಬೇವಿಗೆ ನೀರು ಹಾಕುವುದು ಬಾಕಿ ಇದೆ ಎಂದು ಚರಗಿ ಹಿಡಿದು ಹಿತ್ತಲಿಗೆ ಹೋದೆ. ಬುಡದಲ್ಲಿ ಕೆಸರು ನಿಂತಿತ್ತು. ವಾಪಸ್ಸು ಬಂದೆ.

ಹಾಸಿಗೆಯಲ್ಲಿ ಬಿದ್ದುಕೊಂಡು, ಹೊಸಬರಿಗೆ ಕಲಿಸುವುದು ಹೇಗೆ ಎಂಬ ವಿಷಯದಲ್ಲಿ ನನಗೆ ಆದ ಅರಿವನ್ನು ಮಹಾದೇವಿಗೆ ವಿವರವಾಗಿ ಹೇಳತೊಡಗಿದೆ. ಕಲಿಸುವವನು ಮೊದಲು ಸುಮ್ಮನಿರಲು ಕಲಿಯಬೇಕು ಎಂಬಲ್ಲಿಗೆ ಬಂದಿದ್ದೆ.

“ಆತಿಲ್ರಿ?” ಎಂದಳು, ಕಣ್ಣು ಮುಚ್ಚಿಕೊಂಡೇ.

ನಾನು ಉತ್ತರ ಕೊಡುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.