ಮೆಣಸಿನಕಾಯಿ ಘಾಟಿನಲ್ಲಿ ಅತ್ತೆಯ ಪಿಎಚ್.ಡಿ.

ಆರು ವರ್ಷ ದಾಟಿದ ಮನುಷ್ಯರ ಮೇಲೆ ನಮ್ಮ ಸೋದರತ್ತೆಗೆ ಯಾವ ಆಸಕ್ತಿಯೂ ಇರಲಿಲ್ಲ! ಸುಳ್ಳು ಅನ್ನಿಸಿದರೆ ಅವಳ ಇಬ್ಬರು ಗಂಡುಮಕ್ಕಳನ್ನೇ ಕೇಳಿ. ಹಿರಿಯವನಿಗೆ ಆರು ತುಂಬಿದ ದಿನ ಅವನನ್ನು ಮಾಮನ ಕೈಗೆ ಒಪ್ಪಿಸಿ, "ಇನ್ನ ಇವನ್ನ ನೀವ ನೋಡ್ಕೋರಿ, ನಂದು ಮುಗೀತು" ಅಂದಳಂತೆ. ನನ್ನ ಗತಿಯೂ ಅದೇ. ಐದರವರೆಗೆ ನಾನು ಅವಳ ಕಣ್ಮಣಿ. ಒಂದನೇ ಇಯತ್ತೆಗೆ ಹೆಸರು ಹಚ್ಚಿದ್ದೇ ತಡ, ಎದುರಿಗೆ ಸಿಕ್ಕರೆ ಯಾರ ಪೈಕಿ ಹುಡುಗ ಇವನು ಎನ್ನುವ ಹಾಗೆ ನೋಡತೊಡಗಿದಳು.

ಮಾಮ ಹಾವೇರಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅತ್ತೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ರಾಣೆಬೆನ್ನೂರಿಗೆ ಹೋಗಿ, ಬಾಲವಾಡಿ ಶಿಕ್ಷಕಿಯರಾಗುವ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ನಡುವೆ ಸಿಗುವ ಬ್ಯಾಡಗಿಯಲ್ಲಿ ನಮ್ಮ ಮೆಣಸಿನಕಾಯಿ ಅಂಗಡಿ. ಎಂಬತ್ತರ ದಶಕ ಅರ್ಧ ಕಳೆದು, ಅವಳ ತಲೆಯೂ ಅರ್ಧ ಬೆಳ್ಳಗಾದ ಮೇಲೆ, ಶಿಶು ಶಿಕ್ಷಣದಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತು.

ನಮ್ಮ ಅಪ್ಪ ಕೇಳಿದರು: "ಅಲ್ಲವಾ ತಂಗಿ, ಮೂರು ವರ್ಷದ ಕೂಸಿನ ಬಗ್ಗೆ ಬರಿಯಾಕ ಐದು ವರ್ಷ ಓದಬೇಕೇನು?"

"ಅಣ್ಣಾ, ನೀ ಮೂವತ್ತ ವರ್ಷದಿಂದ ಬರೇ ಮೆಣಸಿನಕಾಯಿ ನೋಡಾಕತ್ತೀದಿ. ಅದು ಮಾತು ಸುದ್ದಾ ಆಡೂದಿಲ್ಲ!"

ಅಪ್ಪ ಮೆಣಸಿನಕಾಯಿ ಚೀಲದ ಕಡೆ ತಿರುಗಿದರು.

ಓದಿದ್ದನ್ನೆಲ್ಲ ಮೊದಲು ಪ್ರಯೋಗ ಮಾಡಿದ್ದು ಯಾರ ಮೇಲೆ ಅಂತೀರಿ? ಪಾಪ, ಮಾಮನ ಮೇಲೆ! ಮಗುವಿಗೆ ಅಪ್ಪಣೆ ಮಾಡಬಾರದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಬೇಕು ಎಂದು ಯಾವುದೋ ಪುಸ್ತಕದಲ್ಲಿತ್ತು. ಮರುದಿನ ಬೆಳಿಗ್ಗೆ ಮಾಮನ ಮುಂದೆ ಎರಡು ಅಂಗಿ ಹಿಡಿದು ನಿಂತಳು. "ನೀಲಿದು ಹಾಕ್ಕೋತೀರೋ, ಬಿಳೀದು ಹಾಕ್ಕೋತೀರೋ?" ಮಾಮ ನೀಲಿ ಅಂಗಿ ಮುಟ್ಟಿದ ಕೂಡಲೇ ಚಪ್ಪಾಳೆ ತಟ್ಟಿ, "ಶಾಬಾಸ್! ನೀವ ಆರಿಸಿದ್ರಿ!" ಅಂದಳು. ಕಚೇರಿಯಲ್ಲಿ ಯಾರಿಂದಲೂ ಹೊಗಳಿಸಿಕೊಳ್ಳದ ಮಾಮನಿಗೆ ಇದು ಹಿಡಿಸಿಬಿಟ್ಟಿತು. ವಾರದೊಳಗೆ ಪ್ರಶ್ನೆ ಬದಲಾಯಿತು. "ರೊಟ್ಟಿ ತಣ್ಣಂದು ತಿಂತೀರೋ, ನೀವ ಬಿಸಿ ಮಾಡ್ಕೊಂಡ ತಿಂತೀರೋ?" ಆರಿಸುವ ಸ್ವಾತಂತ್ರ್ಯವನ್ನಂತೂ ಅವಳು ಕಸಿದುಕೊಳ್ಳಲಿಲ್ಲ!

ಅಕ್ಕನನ್ನು ನೋಡಲು ಗಂಡಿನವರು ಬಂದ ದಿನ ಇನ್ನೂ ಚೆಂದ. ಅವಲಕ್ಕಿ, ಚಹ ಎಲ್ಲ ಆಯಿತು, ಹಿರಿಯಳೆಂದು ಕರೆಸಿದ್ದ ಅತ್ತೆಯೇ ಇಲ್ಲ. ಹುಡುಕಿದರೆ, ಅವರ ಜೊತೆ ಬಂದಿದ್ದ ನಾಲ್ಕು ವರ್ಷದ ಪೋರನೊಂದಿಗೆ ಮಂಚದ ಕೆಳಗೆ ಮಲಗಿದ್ದಾಳೆ! ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು. ಅವರು ಹೋದ ಮೇಲೆ ಅಪ್ಪ ಸಿಟ್ಟಿನಿಂದ, "ಹುಡುಗ ಹೆಂಗದಾನ, ಅದನ್ನರ ಹೇಳು" ಅಂದರು.

"ಹುಡುಗನ್ನ ನಾ ನೋಡಿಲ್ಲ. ಆದರ ಆ ಪೋರ ಕೈಯಾಗಿಂದು ಕೇಳಿದ್ರ ಅಂಜದ ಕೊಡ್ತಾನ. ಅಂದ್ರ ಆ ಮನ್ಯಾಗ ಮಕ್ಕಳ ಕೈಯಾಗಿಂದು ಏನೂ ಕಸಗೊಳ್ಳೂದಿಲ್ಲ. ಕಣ್ಣು ಮುಚ್ಚಿ ಹುಡುಗೀನ ಕೊಡ್ರಿ."

ಕೊಟ್ಟೆವು. ಅಕ್ಕ ಈಗಲೂ ಸುಖವಾಗಿದ್ದಾಳೆ.

ಇನ್ನು ಸಂಶೋಧನೆಯ ಕಥೆ. ಕಲಿಸುವವರು ಯಾರೂ ಇಲ್ಲದಾಗ ಚಿಕ್ಕ ಮಕ್ಕಳು ಒಬ್ಬರಿಂದೊಬ್ಬರು ಏನು ಕಲಿಯುತ್ತಾರೆ? ಇದು ಅವಳ ವಿಷಯ. ಅದಕ್ಕೆ ಅವಳು ಆರಿಸಿದ ಜಾಗ ನಮ್ಮ ಅಂಗಡಿಯ ಅಂಗಳ. ಸುಗ್ಗಿಯಲ್ಲಿ ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಮನೆಯಲ್ಲಿ ಬಿಟ್ಟುಬರಲಾಗದ ಕೂಸುಗಳು ಚೀಲಗಳ ನಡುವೆ ಆಡಿಕೊಂಡಿರುತ್ತವೆ. ಧಾರವಾಡದಲ್ಲಿದ್ದ ಅವಳ ಗೈಡು ಒಂದೇ ನಿಯಮ ಹಾಕಿದ್ದರು: ನೋಡಬೇಕು, ಬರೆದುಕೊಳ್ಳಬೇಕು, ಅಷ್ಟೇ. ಮಾತಾಡಬಾರದು, ನಗಬಾರದು, ಕೈ ಹಚ್ಚಬಾರದು. ಅತ್ತೆ ಒಂದು ಚೀಲದ ಮೇಲೆ ಇನ್ನೊಂದು ಚೀಲವಾಗಿ ಕುಳಿತಳು.

ಆದರೆ ಬ್ಯಾಡಗಿಯ ಘಾಟಿನಲ್ಲಿ ಸೀನದೆ ಕೂರುವುದು ಸಾಧ್ಯವೇ? ಸೀನಿದರೆ ಮಕ್ಕಳು ತಿರುಗಿ ನೋಡುತ್ತಾರಲ್ಲ! ಅತ್ತೆ ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಸೀನನ್ನು ನುಂಗುವ ವಿದ್ಯೆ ಕಲಿತಳು. ಕೆಲವೇ ದಿನಗಳಲ್ಲಿ ಮಕ್ಕಳದು ಹೊಸ ಆಟ ಶುರುವಾಯಿತು. ಒಂದು ಕೂಸು ಕೆನ್ನೆ ಉಬ್ಬಿಸಿಕೊಂಡು ಚೀಲದ ಮೇಲೆ ಕೂರುವುದು, ಅಂಗೈಯಲ್ಲಿ ಕಡ್ಡಿಯಿಂದ ಬರೆಯುವುದು. ಉಳಿದವು ಸುತ್ತ ನಿಂತು ಬಿದ್ದು ಬಿದ್ದು ನಗುವುದು! ಗೈಡು ಅತ್ತೆಯ ಟಿಪ್ಪಣಿಯಲ್ಲಿ ಇದನ್ನು ಓದಿ ಹಣೆ ಹಣೆ ಚಚ್ಚಿಕೊಂಡರು. "ಅಲ್ರಿ ಬಾಯಾರ, ನೀವು ಮಕ್ಕಳನ್ನ ನೋಡಾಕ ಹೋಗೀರೋ, ಮಕ್ಕಳು ನಿಮ್ಮನ್ನ ನೋಡಾಕ ಬಂದಾವೋ?"

ಆ ಗುಂಪಿಗೆ ಸೇರದ ಹುಡುಗಿ ಒಬ್ಬಳಿದ್ದಳು, ನೀಲವ್ವ. ನಾಲ್ಕು ವರ್ಷ. ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಸಂಜೆಯವರೆಗೆ ಮಾತಿಲ್ಲ, ಆಟವಿಲ್ಲ. ಅತ್ತೆಯ ಪ್ರಬಂಧವೆಲ್ಲ ಈ ಕೂಸಿನ ಮೇಲೆಯೇ ನಿಂತಿತ್ತು. ದೊಡ್ಡವರ ಸಹಾಯವಿಲ್ಲದೆ ಉಳಿದ ಮಕ್ಕಳೇ ಅವಳನ್ನು ಆಟಕ್ಕೆ ಎಳೆದುಕೊಂಡರೆ ಪಿಎಚ್.ಡಿ. ಕೈಗೆ ಬಂದ ಹಾಗೆ. ಸುಗ್ಗಿ ಮುಗಿಯುತ್ತ ಬಂತು. ವಿಶ್ವವಿದ್ಯಾಲಯ ಕೊಟ್ಟ ಗಡುವೂ ಮುಗಿಯುತ್ತ ಬಂತು. ಇನ್ನೊಂದು ಅವಕಾಶ ಇರಲಿಲ್ಲ.

ಒಂದು ಮಧ್ಯಾಹ್ನ ನೀಲವ್ವ ಖಾರದ ಕೈಯಿಂದ ಕಣ್ಣು ಉಜ್ಜಿಕೊಂಡಳು. ಅಬ್ಬಾ, ಆ ಚೀರಾಟ! ತಾಯಿ ಓಡಿಬಂದಳು, ಬಂದು ಎರಡೂ ಕೈ ಚಾಚಿ ಹಾಗೆಯೇ ನಿಂತಳು. ಮುಟ್ಟುವುದು ಹೇಗೆ? ಅವಳ ಕೈಯೆಲ್ಲ ಖಾರ. ಉಳಿದ ಹೆಂಗಸರ ಕೈಯೂ ಖಾರ, ಹಮಾಲರ ಕೈಯೂ ಖಾರ, ಮಾಲು ತೋರಿಸುತ್ತಿದ್ದ ಅಪ್ಪನ ಕೈಯೂ ಖಾರ. ಇಡೀ ಅಂಗಳದಲ್ಲಿ ಖಾರವಿಲ್ಲದ ಕೈ ಒಂದೇ, ಏನನ್ನೂ ಮುಟ್ಟಬಾರದೆಂದು ಕುಳಿತಿದ್ದ ಅತ್ತೆಯದು!

"ಅಕ್ಕಾರ, ನೀವರ ಹಿಡೀರಿ! ನನ್ನ ಕೈ ಖಾರ ಅದಾವ್ರಿ!"

ಅತ್ತೆಯ ಪೆನ್ನು ಎಲ್ಲಿ ಬಿತ್ತೋ. ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಕಣ್ಣಿಗೆ ತಣ್ಣೀರು ಬಿಟ್ಟು, ಉಫ್ ಉಫ್ ಎಂದು ಊದಿದಳು. ಊದಲೆಂದು ಉಸಿರೆಳೆದುಕೊಂಡದ್ದೇ ಕೆಲಸ ಕೆಟ್ಟಿತು. ಸುಗ್ಗಿಯುದ್ದಕ್ಕೂ ನುಂಗಿದ್ದ ಸೀನೆಲ್ಲ ಒಮ್ಮೆಲೇ ಹೊರಗೆ ಬಂತು! ಚೀಲದ ಮೇಲಿನ ಗುಬ್ಬಿಗಳು ಹಾರಿಹೋದವು. ನೀಲವ್ವ ಅಳು ನಿಲ್ಲಿಸಿದಳು. ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ನಾವ್ಯಾರೂ ಕೇಳಿರದ ದನಿಯಲ್ಲಿ, "ಇನ್ನೊಮ್ಮಿ!" ಅಂದಳು.

ಅತ್ತೆ ಸಂಜೆಯವರೆಗೂ ಸುಳ್ಳು ಸುಳ್ಳೇ ಸೀನಿದಳು. ಮರುದಿನ ನೀಲವ್ವ ತಾನಾಗಿ ಹೋಗಿ ಆಟಕ್ಕೆ ಸೇರಿಕೊಂಡಳು.

ಕೂಸು ಗೆದ್ದಿತು, ಪ್ರಬಂಧ ಬಿತ್ತು. ಮಾಮ ಉಪಾಯ ಹೇಳಿದ: "ಆ ಒಂದ ದಿನದ್ದು ಬಿಟ್ಟಬಿಡು. ಹುಡುಗಿ ತಾನ ಆಟಕ್ಕ ಹೋದ್ಲು ಅಂತ ಬರಿ. ಯಾರು ನೋಡ್ಯಾರ?"

"ನಾ ನೋಡೇನಲ್ಲರೀ!" ಅಂದಳು ಅತ್ತೆ. ಸೀನಿದ್ದು ಸಹಿತ ಎಲ್ಲವನ್ನೂ ಬರೆದು ಕಳಿಸಿದಳು.

ಮೌಖಿಕ ಪರೀಕ್ಷೆಯ ದಿನ ಮಾಮ ಮತ್ತು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಪರೀಕ್ಷಕರು ದೂರದ ಊರಿನವರು, ನಗೆ ಗೊತ್ತಿಲ್ಲದ ಮುಖ. ಪ್ರಬಂಧದ ಆ ಪುಟವನ್ನೇ ತೆರೆದು ಕೇಳಿದರು: "ಇಡೀ ಸುಗ್ಗಿ ನಿಯಮ ಪಾಲಿಸಿದ್ದೀರಿ. ಕೊನೆಗೆ ಒಂದು ಗಳಿಗೆಯಲ್ಲಿ ಎಲ್ಲ ಕೆಡಿಸಿಕೊಂಡಿರಲ್ಲಮ್ಮ. ತಪ್ಪು ಅನ್ನಿಸಲಿಲ್ಲವೇ?"

"ತಪ್ಪಾತ್ರಿ ಸರ" ಅಂದಳು ಅತ್ತೆ. ಮಾಮ ಕಣ್ಣು ಮುಚ್ಚಿಕೊಂಡ.

"ಎತ್ಕೊಂಡಿದ್ದು ತಪ್ಪಲ್ರಿ. ಸುಗ್ಗಿ ಪೂರ್ತಿ ಆ ಕೂಸು ಗ್ವಾಡಿಗೆ ಬೆನ್ನ ಹಚ್ಚಿ ಒಂಟಿ ಕುಂತಿತ್ತು. ನಾ ಇಷ್ಟ ದೂರದಾಗ ಕುಂತು ಬರ್ಕೋತ ಇದ್ದೆ. ಮೊದಲನೇ ದಿವಸನ ಎತ್ಕೋಬೇಕಿತ್ರಿ ಸರ..."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರೀಕ್ಷಕರು ಪ್ರಬಂಧವನ್ನು ಮುಚ್ಚಿದರು. ಪದವಿಗೆ ಶಿಫಾರಸು ಮಾಡುತ್ತೇನೆ ಎಂದು ಮೆಲ್ಲಗೆ ಹೇಳಿ, ಸಹಿ ಹಾಕಿ, ತಾವೇ ಎದ್ದು ಬಂದು ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟರು.

"ಆ ಮಗು ಈಗ ಹೇಗಿದೆಯಮ್ಮ?"

"ಭಾಳ ಮಾತಾಡ್ತಾಳ್ರಿ ಸರ. ಬಾಯಿ ಮುಚ್ಚಂದ್ರ ಮುಚ್ಚೂದಿಲ್ರಿ" ಎಂದು ಅತ್ತೆ ಅಳುತ್ತಲೇ ನಕ್ಕಳು.