ಕಾಕಾರ ಮುಖ ನಿಂತುಬಿಡುವ ಕಾಯಿಲೆ

ಶಿವಬಸವ ನಗರದಲ್ಲಿ ಇನ್ನೂ ಒಬ್ಬ ಸ್ವಾತಂತ್ರ್ಯ ಹೋರಾಟಗಾರರು ಉಳಿದಿದ್ದಾರೆಂದರೆ ನೀವು ನಂಬಲಿಕ್ಕಿಲ್ಲ. ಅವರು ನಮ್ಮ ಕಾಕಾ! ಹೋರಾಟ ಬ್ರಿಟಿಷರ ಮೇಲಲ್ಲ, ಒಳಗೇನಿದೆಯೆಂದು ತೆರೆದು ತೋರಿಸದ ಸಾಫ್ಟ್‌ವೇರಿನ ಮೇಲೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮರುದಿನವೇ ಕಂಪ್ಯೂಟರಿಗೆ ಒಳಗಿನದೆಲ್ಲ ತೆರೆದಿಟ್ಟ ಲಿನಕ್ಸ್ ಹಾಕಿ, ಸ್ಮಾರ್ಟ್‌ಫೋನನ್ನು ಹೆಂಡತಿಗೆ, ಅಂದರೆ ನಮ್ಮ ಕಾಕೂಗೆ, ದಾನ ಮಾಡಿ, ಶುದ್ಧರಾದರು.

ಈ ಶುದ್ಧಿಗೆ ಪರೀಕ್ಷೆ ಪ್ರತಿ ರವಿವಾರ ಸಂಜೆ ನಾಲ್ಕಕ್ಕೆ. ಅವರ ಅಕ್ಕ, ಅಂದರೆ ನಮ್ಮ ಅತ್ತೆ, ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿದ್ದಾರೆ. ಎರಡು ವರ್ಷದಿಂದ ಅತ್ತೆಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ಹಿಡಿಯಬೇಕು. ಮೊಣಕಾಲಿನ ದೆಸೆಯಿಂದ ಕಾಕಾ ಬಸ್ಸು ಹತ್ತಲಾರರು. ಉಳಿದದ್ದು ವಿಡಿಯೋ ಕರೆಯೊಂದೇ. ಬೀಡಿಯಲ್ಲಿ ಅತ್ತೆಯ ಸೊಸೆಯ ಫೋನು ಅಶುದ್ಧವೇ, ಆದರೆ ಅದು ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಕಾಕಾರ ತೀರ್ಪು.

ತೊಂದರೆ ಏನೆಂದರೆ, ಕರೆ ಶುರುವಾದ ಐದೇ ನಿಮಿಷಕ್ಕೆ ಕಾಕಾರ ಕಂಪ್ಯೂಟರು ಗಕ್ಕನೆ ಸ್ತಬ್ಧವಾಗುತ್ತಿತ್ತು. ಬೀಡಿಯವರಿಗೆ ಕಾಣುವ ಮುಖ ಎಲ್ಲಿತ್ತೋ ಅಲ್ಲೇ! ಒಮ್ಮೆ ಆಕಳಿಸುವಾಗ ನಿಂತಿತು. ಬೀಡಿಯಿಂದ ಸೊಸೆ ಗಾಬರಿಯಾಗಿ ಕಾಕೂಗೆ ಫೋನು ಮಾಡಿದಳು: "ಮಾವಾರು ಬಾಯಿ ತೆರದು ಹಂಗ ಕುಂತಾರ್ರಿ! ಅತ್ತ್ಯಾರು ಅಳಾಕ ಹತ್ಯಾರ."

ಕಾಕೂ ಕೋಣೆಯೊಳಗೆ ಇಣುಕಿ ನೋಡಿದರು. "ಕಂಪ್ಯೂಟರಿಗೆ ಬೈಯಾಕ ಹತ್ಯಾರ. ಆರಾಮ ಅದಾರ ಅಂತ ಹೇಳವಾ."

ರಿಪೇರಿಯವನನ್ನು ಕರೆಸಿದ್ದಾಯಿತು. ಅವನು ಅರ್ಧ ಚಹಾದಲ್ಲೇ ರೋಗ ಹೇಳಿದ. "ಚಿತ್ರ ಮೂಡಸೋ ಗ್ರಾಫಿಕ್ಸ್ ಡ್ರೈವರ್ ತೊಂದರಿ ಐತ್ರಿ ಕಾಕಾ. ಕಂಪನೀದ ಡ್ರೈವರ್ ಹಾಕ್ರಿ, ಮುಗದಹೋತು."

"ಅದರೊಳಗ ಏನೈತಿ, ನೀ ನೋಡೀಯೇನು?"

"ಇಲ್ರಿ."

"ಒಳಗ ಏನೈತಿ ನೋಡಲಾರದ ಊಟಾ ಮಾಡ್ತೀಯೇನು?"

"ಹೋಟೆಲ್‌ನ್ಯಾಗ ಹಂಗ ಮಾಡ್ತೇನ್ರಿ."

ಅವನಿಗೆ ಎರಡನೇ ಚಹಾ ಸಿಗಲಿಲ್ಲ.

ಆಮೇಲೆ ಕಾಕಾ ಸ್ವತಃ ಚಿಕಿತ್ಸೆಗಿಳಿದರು. ಒಂದು ರವಿವಾರ ನೋಡುತ್ತೇನೆ, ಇಸ್ತ್ರಿ ಅಂಗಿ ತೊಟ್ಟು, ಕ್ಯಾಮೆರಾದ ಮುಂದೆ ಕೂತು, ಬೀಡಿಯವರಿಗೆ ಸಮಯಪ್ರಜ್ಞೆ ಇಲ್ಲವೆಂದು ಗೊಣಗುತ್ತಿದ್ದಾರೆ. ಕಂಪ್ಯೂಟರಿನಲ್ಲಿ ನಾಲ್ಕು ಗಂಟೆ. ಅಡುಗೆಮನೆಯಲ್ಲಿ ಮುಂಜಾನೆ ಹತ್ತೂವರೆ!

"ಒಗ್ಗರಣಿ ಈಗ ಹಾಕೇನಿ. ನಿಮಗ ಅದ್ಹೆಂಗ ನಾಲ್ಕ ಹೊಡೀತು?" ಎಂದರು ಕಾಕೂ.

"ಒಳಗಿನ ಗಡಿಯಾರ ಲಂಡನ್ ವೇಳೆದಾಗ ಐತಿ ಅಂತ ನಾ ಯಂತ್ರಕ್ಕ ಹೇಳಿದ್ದೆ. ಅದು ನಮ್ಮ ವೇಳೆಕ್ಕನ ಮತ್ತ ಐದೂವರಿ ತಾಸು ಕೂಡಿಸೇತಿ. ಗಣಿತ ಬರಾಬರ ಐತಿ!"

"ಸೂರ್ಯಗೂ ಒಂದ ಮಾತ ಹೇಳ್ರಿ ಹಂಗಾರ."

ಕೊನೆಗೆ ಕಾಕಾ ಜಗತ್ತಿನ ಲಿನಕ್ಸ್ ಭಕ್ತರು ಸೇರುವ ಜಾಲತಾಣಕ್ಕೆ ನಾಲ್ಕು ಪುಟದ ಅರ್ಜಿ ಗುಜರಾಯಿಸಿದರು. ವಿಷಯ, ಉಲ್ಲೇಖ, ಅಡಕ, ಎಲ್ಲ ಇಲಾಖೆಯ ಶೈಲಿಯಲ್ಲೇ. ಯಾವ ದೇಶದ ಪುಣ್ಯಾತ್ಮನೋ ಒಂದೇ ಸಾಲಿನ ಉತ್ತರ ಕೊಟ್ಟ: ಗ್ರಾಫಿಕ್ಸ್ ಕಾರ್ಡಿನ ಕ್ಲಾಕ್ ಇಳಿಸಿ ನೋಡಿ. ಈ ಕ್ಲಾಕ್ ವೇಳೆ ಹೇಳುವುದಲ್ಲ. ಕಾರ್ಡು ಎಷ್ಟು ಜೋರಾಗಿ ಓಡಬೇಕೆಂದು ಗೊತ್ತುಮಾಡುವುದು. ನಿವೃತ್ತಿಯ ವಯಸ್ಸಿನ ಕಾರ್ಡನ್ನು ಓಡಿಸುತ್ತಿದ್ದರಂತೆ, ಪಾಪ. ಕಾಕಾ ಅದನ್ನು ತಳಕ್ಕೆ ಇಳಿಸಿದರು.

ಮುಂದಿನ ರವಿವಾರ ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಚಿತ್ರ ನಿಲ್ಲಲಿಲ್ಲ! ಆದರೆ ತೆವಳಿತು. ಚೋರ್ಲಾ ಘಾಟಿನಲ್ಲಿ ಬ್ರೇಕು ತಪ್ಪಿದ ಲಾರಿಯಂತೆ ಮಾತಾಡುವ ನಮ್ಮ ಕಾಕಾ, ಚಿತ್ರ ತಮ್ಮ ಮಾತಿಗೆ ಸರಿಗಟ್ಟಲೆಂದು ಒಂದೊಂದು ಶಬ್ದಕ್ಕೂ ಬಾಯಿ ಅಗಲಿಸಿ ಕಾಯಬೇಕಾಯಿತು.

"ಅಕ್ಕಾ... ಊಟಾ... ಆತೇನು?"

ಬಾಗಿಲಲ್ಲಿ ನಿಂತ ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನಂತೂ ಗೋಡೆಯ ಕಡೆ ತಿರುಗಿದೆ. ಆದರೆ ಅತ್ತೆ ನಗಲಿಲ್ಲ. ಪರದೆಗೆ ಇನ್ನಷ್ಟು ಹತ್ತಿರ ಬಂದರು.

"ಆತೋ ತಮ್ಮಾ. ಬದನಿಕಾಯಿ ಪಲ್ಯಾ ಮಾಡಿದ್ದೆ." ಕಣ್ಣು ಒರೆಸಿಕೊಂಡರು. "ಇವತ್ತ ನಿನ್ನ ಮಾತು ತಿಳೀತು ನೋಡು. ಎರಡ ವರ್ಷ ನೀ ಏನಂತಿದ್ದಿ, ಒಂದೂ ಹತ್ತತಿರಲಿಲ್ಲ. ನಿನ್ನ ಮಾರಿ ಸಣ್ಣದ ಆಗಬಾರದಂತ ಹೂಂ ಹೂಂ ಅಂತಿದ್ದೆ."

ಪರದೆಯ ಮೂಲೆಯಲ್ಲಿ ಕಾಕಾರ ಮುಖ ಅಲ್ಲಾಡಲಿಲ್ಲ. ಮತ್ತೆ ಕೆಟ್ಟಿತೆಂದುಕೊಂಡು ಕಾಕೂ ಮೌಸಿಗೆ ಕೈ ಹಾಕಿದರು. ಕಂಪ್ಯೂಟರು ಸರಿಯಾಗಿಯೇ ನಡೆದಿತ್ತು.

ಕಾಕಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಹಂಗಾರ... ಅಕ್ಕಾ... ಎರಡ ವರ್ಷದ್ದೂ... ಮೊದಲಿಂದ... ಹೇಳ್ತೇನಿ."